ಹೆಸರು ಎರವಲು, ಹೊಣೆ ಸ್ವಂತ
ಫ್ರಾಂಚೈಸಿ ಹೋಟೆಲು ಮತ್ತು ನ್ಯಾಯಾಲಯದ ತಡೆಯಾಜ್ಞೆ

ಹೆಸರಾಂತ ಸಂಸ್ಥೆಗಳ ಫಲಕ ಹೊತ್ತ ಉಪಾಹಾರ ಗೃಹಗಳು ಇಂದು ಸಣ್ಣ ಊರುಗಳಲ್ಲಿಯೂ ಕಾಣಸಿಗುತ್ತವೆ. ಕಟ್ಟಡ, ಬಂಡವಾಳ, ದುಡಿಮೆ ಸ್ಥಳೀಯರದು. ಹೆಸರು, ಪಾಕವಿಧಾನ, ನಿಯಮಗಳು ಸಂಸ್ಥೆಯವು. ಇದೇ ಫ್ರಾಂಚೈಸಿ ಪದ್ಧತಿ. ಮಕ್ಕಳ ಜೀವನೋಪಾಯಕ್ಕೆಂದು ಸಾಲ ಮಾಡಿ ಇದಕ್ಕೆ ಕೈಹಾಕುವ ಕುಟುಂಬಗಳು ಒಂದು ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳುವುದು ಲೇಸು. ಮನಸ್ತಾಪ ಬಂದಾಗ ಸಂಸ್ಥೆಯು ತಡೆಯಾಜ್ಞೆ ತಂದು ನಮ್ಮ ವ್ಯವಹಾರವನ್ನು ನಿಲ್ಲಿಸಬಲ್ಲದೆ?

ತಡೆಯಾಜ್ಞೆ ಕೇಳಿದವರಿಗೆಲ್ಲ ಸಿಗುವಂಥದಲ್ಲ. ನ್ಯಾಯಾಲಯವು ಮೂರು ಅಂಶಗಳನ್ನು ತೂಗಿ ನೋಡುತ್ತದೆ: ಮೇಲ್ನೋಟಕ್ಕೆ ಅರ್ಜಿದಾರರ ವಾದದಲ್ಲಿ ಹುರುಳಿದೆಯೇ? ಆಜ್ಞೆ ನೀಡಿದರೆ ಯಾರಿಗೆ ಹೆಚ್ಚು ತೊಂದರೆ, ನೀಡದಿದ್ದರೆ ಯಾರಿಗೆ? ಆಗುವ ಹಾನಿ ಹಣದಿಂದ ತುಂಬಲಾಗದ್ದೇ? ಆದ್ದರಿಂದ ರಾಯಧನದ ಬಾಕಿ ಎಂಬ ಒಂದೇ ಕಾರಣಕ್ಕೆ ಇದು ದೊರೆಯುವುದು ಕಷ್ಟ. ಅದಕ್ಕೆ ವಸೂಲಿಯ ಮಾರ್ಗವಿದೆ.

ಆದರೆ ಬಾಕಿಯ ಕಾರಣದಿಂದ ಕರಾರು ರದ್ದಾಗಿ, ಅನಂತರವೂ ಅದೇ ಫಲಕದಡಿ ವ್ಯಾಪಾರ ನಡೆದರೆ ಸ್ಥಿತಿ ಬದಲಾಗುತ್ತದೆ. ಅದು 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಯಡಿ ಹೆಸರಿನ ದುರ್ಬಳಕೆ. ಗ್ರಾಹಕರು ಮೋಸಹೋಗುತ್ತಾರೆ, ಸಂಸ್ಥೆಯ ಕೀರ್ತಿಗೆ ಕುಂದು ಬರುತ್ತದೆ. ತಡೆಯಾಜ್ಞೆಗೆ ಬಲವಾದ ಆಧಾರ ಇದೇ. ಗುಟ್ಟಾಗಿಡಲು ಒಪ್ಪಿದ ಪಾಕವಿಧಾನವನ್ನು ಹೊರಗೆಡಹಿದರೂ ಸಂಸ್ಥೆ ನ್ಯಾಯಾಲಯದ ಮೊರೆ ಹೋಗಬಹುದು.

ಕರಾರು ಜಾರಿಯಲ್ಲಿರುವಾಗ ಎದುರಾಳಿಯ ಸರಕು ಮಾರಬಹುದೇ? ಹೋಟೆಲಿನದಲ್ಲದಿದ್ದರೂ ಇಲ್ಲಿ ದಾರಿ ತೋರುವುದು ಗುಜರಾತ್ ಬಾಟ್ಲಿಂಗ್ ಮತ್ತು ಕೋಕಾ ಕೋಲಾ ಮೊಕದ್ದಮೆ. ಬೇರೆ ಪಾನೀಯ ತಯಾರಿಸುವುದಿಲ್ಲವೆಂದು ಒಪ್ಪಿದ್ದ ಬಾಟ್ಲಿಂಗ್ ಕಂಪನಿಯು ಪೆಪ್ಸಿಯ ಕಡೆಯವರ ಕೈಸೇರಿತ್ತು. ಕರಾರಿನ ಅವಧಿಗೆ ಸೀಮಿತವಾದ ಇಂಥ ಷರತ್ತು ವ್ಯಾಪಾರಕ್ಕೆ ಅಡ್ಡಿಯಲ್ಲವೆಂದು 1995ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತು, ತಡೆಯಾಜ್ಞೆಯನ್ನು ಎತ್ತಿಹಿಡಿಯಿತು.

ಸಂಸ್ಥೆಯ ಅಧಿಕಾರಕ್ಕೂ ಎಲ್ಲೆಯುಂಟು. 1872ರ ಕರಾರು ಕಾಯಿದೆಯ 27ನೆಯ ಕಲಮಿನಂತೆ ವ್ಯಾಪಾರವನ್ನು ನಿರ್ಬಂಧಿಸುವ ಒಪ್ಪಂದ ಅಸಿಂಧು. ಕರಾರು ಮುಗಿದ ಮೇಲೆ ಸ್ವಂತ ಹೆಸರಿನಲ್ಲಿ ದೋಸೆ, ಇಡ್ಲಿ ಮಾರಿ ಬದುಕುವುದನ್ನು ಸಾಮಾನ್ಯವಾಗಿ ತಡೆಯಲಾಗದು.

ಇಂಥ ಕರಾರುಗಳಲ್ಲಿ ಮಧ್ಯಸ್ಥಿಕೆಯ ಷರತ್ತು ಇರುವುದುಂಟು. ಆಗಲೂ 1996ರ ಮಧ್ಯಸ್ಥಿಕೆ ಕಾಯಿದೆಯ 9ನೆಯ ಕಲಮಿನಡಿ ನ್ಯಾಯಾಲಯದಿಂದ ತಾತ್ಕಾಲಿಕ ರಕ್ಷಣೆ ಪಡೆಯಬಹುದು. ಮಧ್ಯಸ್ಥಿಕೆಗೆ ಮುನ್ನವೇ ಇಂಥ ಆಜ್ಞೆ ಪಡೆದವರು ಸಾಮಾನ್ಯವಾಗಿ 90 ದಿನಗಳೊಳಗೆ ಮಧ್ಯಸ್ಥಿಕೆಯನ್ನು ಆರಂಭಿಸಬೇಕು. ತುರ್ತಿದ್ದರೆ ಎದುರು ಪಕ್ಷವನ್ನು ಕೇಳದೆಯೂ ಆಜ್ಞೆ ಹೊರಡಬಹುದು. ಅದನ್ನು ಮೀರಿದರೆ ಆಸ್ತಿ ಜಪ್ತಿ, ಸೆರೆವಾಸಗಳೂ ಒದಗಬಹುದು. ಆದ್ದರಿಂದ ನೋಟೀಸು ಬಂದ ದಿನವೇ ವಕೀಲರನ್ನು ಕಾಣಬೇಕು. ಆಜ್ಞೆಯನ್ನು ತೆರವುಗೊಳಿಸುವಂತೆ ಕೋರುವ ಹಕ್ಕು ನಮಗೂ ಇದೆ.

ಸಹಿ ಹಾಕುವ ಮುನ್ನ ಮನೆಮಂದಿಯೆಲ್ಲ ಕುಳಿತು ಮೂರು ಷರತ್ತುಗಳನ್ನು ಓದಿಸಿ ಕೇಳಲಿ: ರದ್ದತಿಗೆ ಎಷ್ಟು ದಿನದ ಸೂಚನೆ, ತಪ್ಪು ತಿದ್ದಿಕೊಳ್ಳಲು ಎಷ್ಟು ಕಾಲಾವಕಾಶ, ಕರಾರು ಮುಗಿದ ಮೇಲೆ ಏನು ಮಾಡಬಾರದು. ಎರವಲು ತಂದ ಹೆಸರನ್ನು ಒಂದು ದಿನ ಹಿಂದಿರುಗಿಸಲೇಬೇಕು. ಮಾಡಿದ ಸಾಲ ಮಾತ್ರ ನಮ್ಮದಾಗಿಯೇ ಉಳಿಯುತ್ತದೆ.