ಹದಿಮೂರು ತಿಂಗಳು ತಡವಾಗಿ ಬಂದ ಸ್ವಾತಂತ್ರ್ಯ



1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದಾಗ ನಮ್ಮ ನಾಂಪಲ್ಲಿ ಭಾರತದಲ್ಲಿ ಇರಲಿಲ್ಲ. ಇಲ್ಲಿಂದ ವಾಡಿ ಕಡೆಗೆ ರೈಲು ಹತ್ತಿದರೆ ಸಿಗುವ ಗುಲ್ಬರ್ಗವೂ ಇರಲಿಲ್ಲ. ಬೀದರ್, ರಾಯಚೂರುಗಳೂ ಇರಲಿಲ್ಲ. ಈ ಮೂರು ಕನ್ನಡ ಜಿಲ್ಲೆಗಳು ಹೈದರಾಬಾದ್ ಸಂಸ್ಥಾನದ 16 ಜಿಲ್ಲೆಗಳಲ್ಲಿ ಸೇರಿದ್ದವು. ಅಂಚೆ, ನಾಣ್ಯ, ಸುಂಕ, ಸೈನ್ಯ ಎಲ್ಲವೂ ನಿಜಾಮರದೇ. ಮೀರ್ ಉಸ್ಮಾನ್ ಅಲಿ ಖಾನ್ ಯಾರನ್ನೂ ಸೇರದೆ ಸ್ವತಂತ್ರವಾಗಿ ಉಳಿಯಲು ಬಯಸಿದ್ದರು.

'ಪೊಲೀಸ್ ಆಕ್ಷನ್ ಐದು ದಿನದಲ್ಲಿ ಮುಗಿಯಿತು' ಎಂದು ನಾವೆಲ್ಲ ಕೇಳಿದ್ದೇವೆ. ಸೇನೆಯ ಕೆಲಸ ಐದು ದಿನದ್ದು, ನಿಜ. ಜನರ ಹೋರಾಟ ಹತ್ತು ವರ್ಷದ್ದು.

ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ 1938ರಲ್ಲಿ ಹುಟ್ಟುವಾಗಲೇ ನಿಷೇಧಕ್ಕೆ ಒಳಗಾಯಿತು. ಸತ್ಯಾಗ್ರಹಿಗಳು ಜೈಲು ತುಂಬಿದರು. ಮುಂದೆ ಅದರ ನಾಯಕರಾದವರು ಬಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಾಮಾನಂದ ತೀರ್ಥರು. 1947ರ ಆಗಸ್ಟ್ 7ರಂದು ಅವರು 'ಭಾರತ ಸೇರಿರಿ' ಚಳವಳಿಗೆ ಕರೆ ಕೊಟ್ಟರು. ಆಗಸ್ಟ್ 15ರಂದು ಅವರ ಬಂಧನವಾಯಿತು.

ಸರ್ಕಾರದ ಆದಾಯಕ್ಕೆ ಪೆಟ್ಟು ಕೊಡಲು ಜನ ಸಿಂದಿ ಮರಗಳನ್ನು ಕಡಿದರು. ರಜಾಕಾರರ ದಾಳಿ ಹೆಚ್ಚಿದಾಗ ಸಾವಿರಾರು ಕುಟುಂಬಗಳು ಗಡಿ ದಾಟಿ ಮುಂಬೈ ಪ್ರಾಂತ್ಯಕ್ಕೆ ಹೋದವು. ಅಲ್ಲಿ, ಇಂದಿನ ಗದಗ ಜಿಲ್ಲೆಯ ಮುಂಡರಗಿ, ಗಜೇಂದ್ರಗಡಗಳಲ್ಲಿ ಶಿಬಿರಗಳು ಎದ್ದವು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆ ಮುಂದಾಳುಗಳು. ನಿಜಾಮರ ಪೊಲೀಸರು ಗಡಿಯಾಚೆ ಬರುವಂತಿರಲಿಲ್ಲ. ಯುವಕರು ಒಳನುಗ್ಗಿ ಸುಂಕದ ನಾಕಾ, ಪೊಲೀಸ್ ಠಾಣೆಗಳ ಮೇಲೆ ಬಿದ್ದು ಮರಳುತ್ತಿದ್ದರು.

ಬೆಲೆ ದೊಡ್ಡದಿತ್ತು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ಹತ್ಯಾಕಾಂಡ ನಡೆಯಿತು. ಆಗಸ್ಟ್‌ನಲ್ಲಿ, ಭಾರತ ಸೇರಬೇಕೆಂದು ಬರೆದ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಅವರನ್ನು ಇದೇ ನಗರದಲ್ಲಿ ಕೊಂದರು.

ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ. ಎನ್. ಚೌಧುರಿ ಅವರ ಸೇನೆ ಸೊಲ್ಲಾಪುರದ ಕಡೆಯಿಂದ ಹೊರಟಿತು. 17ರಂದು ನಿಜಾಮರು ರೇಡಿಯೋದಲ್ಲಿ ಕದನವಿರಾಮ ಸಾರಿದರು.

ಹಾಗಾದರೆ ಗೆದ್ದವರು ಯಾರು? ಅಮೆರಿಕದ 13 ವಸಾಹತುಗಳು 1776ರಲ್ಲಿ ಸ್ವಾತಂತ್ರ್ಯ ಘೋಷಿಸಿದವು. ಫ್ರೆಂಚ್ ಸೇನೆ, ನೌಕಾಪಡೆಗಳು ಜೊತೆಗೆ ನಿಂತ ಮೇಲೆಯೇ 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷರು ಶರಣಾದರು. ಆದರೂ ಅದನ್ನು ಫ್ರೆಂಚರು ಕೊಟ್ಟ ಸ್ವಾತಂತ್ರ್ಯ ಎಂದು ಯಾರೂ ಹೇಳುವುದಿಲ್ಲ. ನಮ್ಮ ಕಥೆಯೂ ಹಾಗೆಯೇ. ಸೇನೆ ಬರುವಷ್ಟರಲ್ಲಿ ಜನ ನೆಲ ಹದ ಮಾಡಿದ್ದರು.

ಗೆಲುವಿನ ನಂತರದ್ದನ್ನೂ ಮರೆಯಬಾರದು. ಸೇಡಿನ ಹಿಂಸೆಯಲ್ಲಿ ನಿರಪರಾಧಿ ಮುಸ್ಲಿಮರು ಬಲಿಯಾದರು. ಕೇಂದ್ರ ಕಳಿಸಿದ ಸುಂದರ್‌ಲಾಲ್ ಸಮಿತಿ ಸತ್ತವರ ಸಂಖ್ಯೆಯನ್ನು 27 ಸಾವಿರದಿಂದ 40 ಸಾವಿರ ಎಂದು ಅಂದಾಜು ಮಾಡಿತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗ, ಬೀದರ್ ಇದ್ದವು.

1956ರ ನವೆಂಬರ್ 1ರಂದು ಆ ಮೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ನಗರದ ಕನ್ನಡಿಗರು ಇಲ್ಲೇ ಉಳಿದೆವು. ಕಲಬುರಗಿಯಲ್ಲಿ ಈಗ ಸೆಪ್ಟೆಂಬರ್ 17 'ಕಲ್ಯಾಣ ಕರ್ನಾಟಕ ಉತ್ಸವ'. ನಮ್ಮ ಪಬ್ಲಿಕ್ ಗಾರ್ಡನ್‌ನಲ್ಲೂ 2022ರಲ್ಲಿ ತೆಲಂಗಾಣ ಸರ್ಕಾರ ಅಂದು ಧ್ವಜ ಹಾರಿಸಿತು.

ಆ ದಿನಗಳನ್ನು ಕಂಡವರು ಈಗ ಬೆರಳೆಣಿಕೆಯಷ್ಟು. ನಿಮ್ಮ ಮನೆಯಲ್ಲಿ ಅಂಥ ಅಜ್ಜ, ಅಜ್ಜಿ ಇದ್ದರೆ ಇಂದೇ ಪಕ್ಕದಲ್ಲಿ ಕುಳಿತು ಕೇಳಿ, ಬರೆದಿಡಿ.