ಮುಳ್ಳಿನ ಮೀಟರ್ ಹಿಡಿಯುವ ಮುನ್ನ

ಠಾಣೆ, ಡೊಂಬಿವಲಿ, ಕಲ್ಯಾಣದ ಹಳೆಯ ಸೊಸೈಟಿಗಳಲ್ಲಿ ಮೆಟ್ಟಿಲ ಕೆಳಗೊಂದು ಮೀಟರ್ ರೂಮ್ ಇರುವುದು ಸಾಮಾನ್ಯ. ತ್ರೀ ಫೇಜ್ ಕೇಬಲ್ ಅಲ್ಲಿಗೆ ಬಂದು ಫ್ಲ್ಯಾಟುಗಳಿಗೆ ಹಂಚಿಹೋಗುತ್ತದೆ. ಫೇಜಿಗೂ ನ್ಯೂಟ್ರಲಿಗೂ ನಡುವೆ 230 ವೋಲ್ಟ್, ಎರಡು ಫೇಜುಗಳ ನಡುವೆ ಸುಮಾರು 400. ನೆಲಮಟ್ಟದ ಈ ಕೋಣೆಗೆ ಮಳೆಗಾಲದಲ್ಲಿ ತೇವ ಹತ್ತಿ ನ್ಯೂಟ್ರಲಿನ ಜೋಡಣೆ ತುಕ್ಕು ಹಿಡಿದು ಬಿಟ್ಟುಕೊಂಡಿತೆನ್ನಿ. ಆಗ ಲೋಡ್ ಹೆಚ್ಚಿರುವ ಫೇಜಿನ ಮನೆಗಳಲ್ಲಿ ಫ್ಯಾನ್ ತೆವಳುತ್ತದೆ. ಲೋಡ್ ಕಡಿಮೆ ಇರುವ ಫೇಜಿನ ಮನೆಗಳಿಗೆ 300 ವೋಲ್ಟ್ ಮೀರಿಯೂ ಬಂದು ಟೀವಿ, ಫ್ರಿಜ್ ಸುಡಬಹುದು. ಒಂದೇ ಕಟ್ಟಡದಿಂದ ಈ ಎರಡೂ ದೂರು ಒಟ್ಟಿಗೆ ಬಂದರೆ ಮೊದಲು ಮೇನ್ ಬಂದ್ ಮಾಡಬೇಕು. ಮಲ್ಟಿಮೀಟರ್ ಹಿಡಿಯುವುದು ಆಮೇಲೆ.

ಠಾಣೆಯ ವಾಗ್ಳೆ ಎಸ್ಟೇಟಿನಿಂದ ಮಹಾಪೆಯವರೆಗಿನ ಕಾರ್ಖಾನೆ ಪಟ್ಟಿಯಲ್ಲಿ ಕೆಲಸ ಕಲಿತವರಿಗೆ ಮುಳ್ಳಿನ ಮಲ್ಟಿಮೀಟರ್ ಹೊಸದಲ್ಲ. ಕಸಾರಾ ಘಾಟಿನಾಚೆಯ ನಾಸಿಕದ ಮೋಟ್ವಾನೆ ಕಂಪನಿಯದು ಈ ಕ್ಷೇತ್ರದಲ್ಲಿ ಹಳೆಯ ಹೆಸರು. ಒಳಗಿರುವುದು ಅಯಸ್ಕಾಂತದ ನಡುವೆ ತೂಗುವ ತಂತಿಯ ಸುರುಳಿ. ಅದರಲ್ಲಿ ಕರೆಂಟ್ ಹರಿದಷ್ಟೂ ಮುಳ್ಳು ಬಲಕ್ಕೆ ವಾಲುತ್ತದೆ. ಆ ಸುರುಳಿಗೆ ಮೈಕ್ರೋಆಂಪಿಯರುಗಳೇ ಸಾಕು. ಅದನ್ನು ಮುಖ್ಯವಾಗಿ ಕಾಯುವುದು ನೀವು ನಾಬ್ ತಿರುಗಿಸಿ ಆರಿಸಿಕೊಂಡ ರೆಸಿಸ್ಟರ್.

ಆದ್ದರಿಂದ ಅಪಾಯವೆಲ್ಲ ನಾಬಿನಲ್ಲಿದೆ. ವೋಲ್ಟಿನ ಎತ್ತರದ ರೇಂಜಿನಲ್ಲಿ ಮೀಟರು ಲಕ್ಷಗಟ್ಟಲೆ ಓಮಿನ ತಡೆ ಒಡ್ಡುತ್ತದೆ. ಆಂಪಿಯರ್ ರೇಂಜಿನಲ್ಲಿ ಅದು ಹೆಚ್ಚುಕಡಿಮೆ ಬರಿಯ ತಂತಿ. ಆಂಪಿಯರಿನಲ್ಲೇ ಬಿಟ್ಟು ಪ್ಲಗ್ಗಿಗೆ ಮೀಟರಿನ ಕಡ್ಡಿ (ಪ್ರೋಬ್) ತೂರಿಸಿದರೆ ಶಾರ್ಟ್ ಸರ್ಕಿಟ್. ಓಮಿನಲ್ಲಿ ಬಿಟ್ಟಿದ್ದರೂ ಒಳಗಿನ ರೆಸಿಸ್ಟರ್ ಸುಟ್ಟು ಹೊಗೆ ಬಂದೀತು. ಮೀಟರಿನೊಳಗಿನ ಪುಟ್ಟ ಗಾಜಿನ ಫ್ಯೂಸನ್ನು ನಂಬಿ ಮೀಟರ್ ರೂಮಿಗೆ ಇಳಿಯಬೇಡಿ. ಮುಖ್ಯ ಕೇಬಲಿನ ಹತ್ತಿರ ಶಾರ್ಟ್ ಆದರೆ ಸಾವಿರಾರು ಆಂಪಿಯರ್ ನುಗ್ಗುತ್ತದೆ. ಅಲ್ಲಿಗೆ ಕ್ಯಾಟ್ 4 ಸುರಕ್ಷತಾ ದರ್ಜೆಯ ಉಪಕರಣ, ಲೈಸೆನ್ಸ್ ಇರುವ ಕೆಲಸಗಾರ ಬೇಕು. ಹಲವು ಅಗ್ಗದ ಮುಳ್ಳಿನ ಮೀಟರುಗಳ ಮೇಲೆ ಈ ದರ್ಜೆಯೇ ಬರೆದಿರುವುದಿಲ್ಲ. ಅವನ್ನು ಬ್ಯಾಟರಿ, ಅಡಾಪ್ಟರ್, ರೇಡಿಯೋ ರಿಪೇರಿಗೆ ಇಟ್ಟುಕೊಳ್ಳುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಮನೆಯ ಪ್ಲಗ್ ಪಾಯಿಂಟ್ ನೋಡಲೇಬೇಕಿದ್ದರೆ ಅದಕ್ಕೆ ತಕ್ಕ ದರ್ಜೆಯ ಮೀಟರ್ ಹಿಡಿಯಿರಿ. ಕಡ್ಡಿಗಳ ಇನ್ಸುಲೇಶನ್ ಬಿರುಕು ಬಿಟ್ಟಿರಬಾರದು; ಕೈ, ಕಾಲು, ನೆಲ ಒಣಗಿರಬೇಕು. ನಾಬನ್ನು ಎಸಿಯ ಅತಿ ಎತ್ತರದ ರೇಂಜಿನಲ್ಲಿಟ್ಟು ಮುಳ್ಳು ನೋಡಿಕೊಂಡು ಇಳಿಯಿರಿ. ರೇಂಜ್ ಬದಲಿಸುವಾಗ ಕಡ್ಡಿಗಳು ಹೊರಗಿರಲಿ. ಸ್ಕೇಲಿನಲ್ಲಿ ಕನ್ನಡಿಪಟ್ಟಿ ಇದ್ದರೆ ಮುಳ್ಳು ತನ್ನ ಪ್ರತಿಬಿಂಬವನ್ನು ಮುಚ್ಚುವಂತೆ ನೇರ ನಿಂತು ಓದಿ.

ಫೇಜ್–ನ್ಯೂಟ್ರಲ್ ನಡುವೆ 207ರಿಂದ 253 ವೋಲ್ಟಿನೊಳಗೆ ಬಂದರೆ ಸರಿ. ಫೇಜ್–ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ಏನೂ ಬರದಿದ್ದರೆ ಅರ್ಥಿನ ತಂತಿ ಎಲ್ಲೋ ಕಡಿದಿದೆ, ಇಲ್ಲವೆ ಹಾಕಿಯೇ ಇಲ್ಲ. ಬಂದರೂ ಅರ್ಥಿಂಗ್ ಗಟ್ಟಿಯಾಗಿದೆ ಎಂದುಕೊಳ್ಳಬೇಡಿ! ಮೀಟರ್ ಎಳೆಯುವ ಕರೆಂಟ್ ಒಂದು ಮಿಲಿಆಂಪಿಯರಿಗಿಂತಲೂ ಕಡಿಮೆ; ಒಣಗಿ ತುಕ್ಕು ಹಿಡಿದ ಅರ್ಥಿನಲ್ಲೂ ಅಷ್ಟು ಹರಿಯುತ್ತದೆ. ಗೀಜರಿನ ದೋಷದ ಕರೆಂಟನ್ನು ಅದು ಹೊರುವುದೇ ಎಂದು ತಿಳಿಯಲು ಅರ್ಥ್ ಟೆಸ್ಟರ್ ಬೇಕು.

ಲೈನ್ ಬಂದ್ ಆಗಿದೆಯೇ ಎಂದು ನೋಡುವಾಗ ಮುಳ್ಳು ಸೊನ್ನೆಯಲ್ಲಿದ್ದರೆ ಸಾಲದು, ಮೀಟರೇ ಕೆಟ್ಟಿರಬಹುದು. ಕರೆಂಟ್ ಇರುವ ಪಾಯಿಂಟಿನಲ್ಲಿ ಮೊದಲು, ಸಂಶಯದ ಲೈನಿನಲ್ಲಿ ನಂತರ, ಮತ್ತೆ ಮೊದಲಿನ ಪಾಯಿಂಟಿನಲ್ಲಿ ಮುಟ್ಟಿಸಿ ನೋಡಬೇಕು.

ಓಮಿನ ಅಳತೆಗೆ ಮೇನ್ ಬಂದ್ ಇರಲೇಬೇಕು, ಕೆಪಾಸಿಟರ್ ಖಾಲಿಯಾಗಿರಬೇಕು. ಕಡ್ಡಿಗಳೆರಡನ್ನೂ ಕೂಡಿಸಿ, ಸೊನ್ನೆ ಹೊಂದಿಸುವ ಗುಂಡಿ ತಿರುಗಿಸಿ ಮುಳ್ಳನ್ನು ಓಮ್ ಸ್ಕೇಲಿನ ಸೊನ್ನೆಗೆ ತನ್ನಿ. ಬಾರದಿದ್ದರೆ ಬಹುಮಟ್ಟಿಗೆ ಬ್ಯಾಟರಿ ಮುಗಿದಿದೆ. ಕೆಲಸ ಮುಗಿದ ಮೇಲೆ ನಾಬನ್ನು ಆಫ್‌ಗೆ, ಅದಿಲ್ಲದಿದ್ದರೆ ಎಸಿಯ ದೊಡ್ಡ ರೇಂಜಿಗೆ ತಿರುಗಿಸಿಡಿ. ತಿಂಗಳುಗಟ್ಟಲೆ ಬಳಸದಿದ್ದರೆ ಬ್ಯಾಟರಿ ತೆಗೆದಿಡಿ, ಸೋರಿದರೆ ಒಳಗಿನ ತಗಡೆಲ್ಲ ಹಸಿರುಗಟ್ಟುತ್ತದೆ.