ತೇಲುವ ಗಿಡ ಬಿಟ್ಟರೆ ಮೀನಿನ ತೊಟ್ಟಿಗೆ ಏರ್ ಪಂಪ್ ಬೇಡವೇ?

“ಅಕ್ವೇರಿಯಂನಲ್ಲಿ ಅಂತರಗಂಗೆ ಬಿಡಿ, ಮೀನಿಗೆ ಬೇಕಾದ ಆಮ್ಲಜನಕವನ್ನು ಅದೇ ಕೊಡುತ್ತದೆ. ಪಂಪ್ ಬೇಡ, ನೀರು ಬದಲಿಸುವುದೂ ಬೇಡ” ಎಂಬ ಸಲಹೆ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಗಿಡ ಅಂದರೆ ಆಮ್ಲಜನಕ ಎಂದು ಶಾಲೆಯಲ್ಲೇ ಕಲಿತ ನಮಗೆ ಇದು ಸರಿ ಅನ್ನಿಸುವುದು ಸಹಜ. ಆದರೆ ಇದನ್ನು ನಂಬಿ ಪಂಪ್ ನಿಲ್ಲಿಸಿದರೆ, ಮೀನು ಹೆಚ್ಚಿರುವ ತೊಟ್ಟಿಯಲ್ಲಿ ಬೆಳಗಾಗುವಷ್ಟರಲ್ಲಿ ಕೆಲವು ಸತ್ತಿರಬಹುದು.

ಅಂತರಗಂಗೆಯ ಎಲೆ ಇರುವುದು ನೀರಿನ ಮೇಲೆ, ಗಾಳಿಯಲ್ಲಿ. ಅದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುವುದು ಗಾಳಿಯಿಂದ, ಆಮ್ಲಜನಕವನ್ನು ಬಿಡುವುದೂ ಬಹುಪಾಲು ಗಾಳಿಗೇ. ಹೈಡ್ರಿಲ್ಲಾದಂತೆ ನೀರೊಳಗೇ ಮುಳುಗಿ ಬೆಳೆಯುವ ಗಿಡಗಳ ಲೆಕ್ಕ ಬೇರೆ. ಅವು ಬೆಳಕಿರುವಾಗ ನೀರಿಗೇ ಆಮ್ಲಜನಕ ಸೇರಿಸುತ್ತವೆ.

ಇನ್ನೊಂದು ವಿಷಯವಿದೆ. ತೊಟ್ಟಿಯ ನೀರಿಗೆ ಹೊರಗಿನ ಆಮ್ಲಜನಕ ಕರಗುವುದು ಮೇಲ್ಮೈ ಮೂಲಕ. ಗಿಡಗಳು ಚಾಪೆ ಹಾಸಿದಂತೆ ಹಬ್ಬಿಕೊಂಡರೆ ಆ ಬಾಗಿಲೇ ಮುಚ್ಚಿಹೋಗುತ್ತದೆ. ರಾತ್ರಿ ಮೀನು, ಬೇರು, ಕೊಳೆಯುವ ಎಲೆಯನ್ನು ತಿನ್ನುವ ಬ್ಯಾಕ್ಟೀರಿಯಾ ಎಲ್ಲವೂ ಇರುವ ಆಮ್ಲಜನಕವನ್ನೇ ಹಂಚಿಕೊಳ್ಳಬೇಕು. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಅವು ಆಟವಾಡುತ್ತಿಲ್ಲ, ಉಸಿರಿಗೆ ಪರದಾಡುತ್ತಿವೆ.

ಹಾಗೆಂದು “ರಾತ್ರಿ ಗಿಡ ವಿಷಗಾಳಿ ಬಿಡುತ್ತದೆ, ತೆಗೆದು ಬಿಸಾಕಿ” ಎನ್ನುವುದೂ ಸರಿಯಲ್ಲ.

ಗಿಡದ ನಿಜವಾದ ಕೆಲಸ

ಮೀನಿನ ಮಲಮೂತ್ರ, ತಿನ್ನದೆ ಉಳಿದ ಆಹಾರ ಇವುಗಳಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಇದು ಮೀನಿನ ಕಿವಿರುಗಳನ್ನು ಸುಡುವ ವಿಷ. ಫಿಲ್ಟರ್‌ನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಿಸುತ್ತವೆ. ತೇಲುವ ಗಿಡದ ಬೇರಿಗೆ ಇವೆಲ್ಲ ಗೊಬ್ಬರ. ಪಾಚಿಗೆ ಸಿಗಬೇಕಾದ ಗೊಬ್ಬರ, ಬೆಳಕು ಎರಡನ್ನೂ ಅದು ಕಸಿದುಕೊಳ್ಳುವುದರಿಂದ ಗಾಜು ಹಸಿರಾಗುವುದೂ ಕಡಿಮೆ. ಗಪ್ಪಿ ಮರಿಗಳಿಗಂತೂ ಆ ಬೇರುಗಳ ಗುಂಪು ಒಳ್ಳೆಯ ಅಡಗುತಾಣ. ಆದರೂ ವಾರಕ್ಕೊಮ್ಮೆ ಕಾಲು ಭಾಗದಷ್ಟು ನೀರನ್ನು, ಕ್ಲೋರಿನ್ ತೆಗೆದ ನೀರಿನಿಂದ, ಬದಲಿಸುವುದನ್ನು ಬಿಡಬೇಡಿ.

ಬೆಳೆಸುವುದು ಕಷ್ಟವಲ್ಲ. ದಿನಕ್ಕೆ 8ರಿಂದ 10 ಗಂಟೆ ಬೆಳಕು ಸಾಕು. ಹೆಚ್ಚಿನವರು ಎಡವುವುದು ನೀರಿನ ಹನಿಯ ವಿಷಯದಲ್ಲಿ. ಎಲೆಯ ಮೇಲ್ಭಾಗ ಒಣಗಿರಬೇಕು. ಮುಚ್ಚಳದಿಂದ ಹನಿ ತೊಟ್ಟಿಕ್ಕುತ್ತಿದ್ದರೆ, ಫಿಲ್ಟರ್‌ನ ನೀರು ಗಿಡವನ್ನು ಮುಳುಗಿಸುತ್ತಿದ್ದರೆ ಎಲೆ ಕೊಳೆಯುತ್ತದೆ. ಮುಚ್ಚಳವನ್ನು ಸ್ವಲ್ಪ ಸರಿಸಿಡಿ. ಹಳೆಯ ಎಲೆ ಹಳದಿಯಾದರೆ ಸಾರಜನಕದ ಕೊರತೆ, ಎಳೆಯ ಎಲೆ ಬಿಳಚಿದರೆ ಕಬ್ಬಿಣದ ಕೊರತೆ ಇರಬಹುದು. ಮೇಲ್ಮೈಯ ಅರ್ಧ ಭಾಗವಾದರೂ ಸದಾ ಖಾಲಿ ಇರಲಿ. ಡಕ್‌ವೀಡ್ ಎಂಬ ಪುಟಾಣಿ ಎಲೆಯ ಗಿಡವನ್ನು ಮಾತ್ರ ತರಬೇಡಿ ಎಂದೇ ನಾವು ಹೇಳುತ್ತೇವೆ. ಅನುಕೂಲ ಸಿಕ್ಕರೆ ಎರಡು ಮೂರು ದಿನದಲ್ಲಿ ಅದು ದುಪ್ಪಟ್ಟಾಗುತ್ತದೆ, ಒಮ್ಮೆ ಸೇರಿಕೊಂಡರೆ ತೆಗೆದಷ್ಟೂ ಮುಗಿಯುವುದಿಲ್ಲ.

ಹೆಚ್ಚಾದದ್ದನ್ನು ಕೆರೆಗೆ ಹಾಕಬೇಡಿ

“ಜೀವ ಇರುವ ಗಿಡ, ಕೆರೆಗೆ ಬಿಟ್ಟರೆ ಪುಣ್ಯ” ಎನ್ನುವವರಿದ್ದಾರೆ. ದಕ್ಷಿಣ ಅಮೆರಿಕ ಮೂಲದ ವಾಟರ್ ಹಯಸಿಂತ್, ಸಾಲ್ವಿನಿಯಾ ನಮ್ಮ ಕೆರೆಗಳನ್ನು ಏನು ಮಾಡಿವೆ ಎಂದು ಬೇರೆ ಹೇಳಬೇಕಿಲ್ಲ. ಸಾಲ್ವಿನಿಯಾವನ್ನು ತಿನ್ನಿಸಲು 1980ರ ದಶಕದಲ್ಲಿ ವಿದೇಶದಿಂದ ಒಂದು ಜಾತಿಯ ಮೂತಿಹುಳುವನ್ನೇ ತರಿಸಿ ಬೆಂಗಳೂರಿನಲ್ಲಿ ಬಿಡಬೇಕಾಯಿತು. ಅಂತರಗಂಗೆಯಿಂದ ಇನ್ನೊಂದು ಅಪಾಯವಿದೆ. ಮ್ಯಾನ್ಸೋನಿಯಾ ಜಾತಿಯ ಸೊಳ್ಳೆಯ ಮರಿಹುಳುಗಳು ಉಸಿರಾಡಲು ಮೇಲೆ ಬರುವುದೇ ಇಲ್ಲ, ಇಂಥ ಗಿಡಗಳ ಬೇರಿಗೆ ಚುಚ್ಚಿಕೊಂಡು ಅಲ್ಲಿಂದಲೇ ಗಾಳಿ ಹೀರುತ್ತವೆ. ಕೇರಳದಲ್ಲಿ ಆನೆಕಾಲು ರೋಗದ ಒಂದು ಬಗೆಯನ್ನು ಹರಡಿದ್ದು ಇದೇ ಸೊಳ್ಳೆ.

ಹೆಚ್ಚಾದ ಗಿಡವನ್ನು ತಾರಸಿಯ ಮೇಲೆ ಬಿಸಿಲಿಗೆ ಹರಡಿ ಪೂರ್ತಿ ಒಣಗಿಸಿ, ಪುಡಿ ಮಾಡಿ ಹೂಕುಂಡದ ಮಣ್ಣಿಗೆ ಬೆರೆಸಿ. ತೊಟ್ಟಿಯ ಹಳೆ ನೀರನ್ನೂ ಅದೇ ಕುಂಡಕ್ಕೆ ಹಾಕಬಹುದು.